ಸಬ್‌ಟೈಟಲ್ ಬ್ಯಾಡ

ನಾರಾಳ ತಾಳದಲ್ಲಿ ತಪ್ಪಿರಲಿಲ್ಲ, ಉಸಿರಿನಲ್ಲಿ ತಪ್ಪಿರಲಿಲ್ಲ, ಪ್ರಾಸದಲ್ಲಂತೂ ದುರ್ಬೀನು ಹಾಕಿ ಹುಡುಕಿದರೂ ತಪ್ಪು ಸಿಗುವಂತಿರಲಿಲ್ಲ. ತಪ್ಪಿದ್ದದ್ದು ಅವಳು ಹುಟ್ಟಿದ ಊರಿನಲ್ಲಿ. ಹಾಗಂತ ಚೇ ಮೇಡಂ ಬಾಯಿಬಿಟ್ಟು ಹೇಳಲಿಲ್ಲ. ಸಿಯೋಲಿನ ದೊಡ್ಡ ಕಂಪನಿಗಳಲ್ಲಿ ಯಾರೂ ಏನನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಯವಾಗಿ ಮಾನ ತೆಗೆಯುತ್ತಾರೆ.

"ನಾರಾ ಅವರೇ, ಅದ್ಭುತವಾಗಿ ಬಂದಿದೆ," ಎಂದಳು ಚೇ ಮೇಡಂ, ರೆಕಾರ್ಡಿಂಗ್ ಕೋಣೆಯ ಗಾಜಿನ ಆಚೆಯಿಂದ. ಕಂಪನಿಯಲ್ಲಿ ಈ ಹಾಡಿನ ಪೂರ್ತಿ ಉಸ್ತುವಾರಿ ಅವಳದೇ. "ಒಂದೇ ಒಂದು ಸಣ್ಣ ಬದಲಾವಣೆ. ಇದೇ ಸಾಲುಗಳನ್ನ ಸ್ವಲ್ಪ ಶುದ್ಧವಾಗಿ ಹೇಳಿಬಿಡಿ. ಅಂದ್ರೆ, ಸಿಯೋಲ್ ಭಾಷೇಲಿ."

"ಬುಸಾನ್ ಮಾತು ಅಶುದ್ಧ ಏನ್ರಿ ಮೇಡಂ?"

"ಅಯ್ಯೋ, ನಾನು ಹಾಗಂದ್ನಾ? ನಮಗೇನೂ ತೊಂದರೆ ಇಲ್ಲಪ್ಪ. ಕೇಳಿದ್ದು ಡೆಲ್ವಿನ್ ಅವರು. ಅವರ ಕಿವಿಗೆ ಯಾಕೋ ಒರಟು ಅನ್ನಿಸ್ತಂತೆ."

ನಾರಾ ಹೆಡ್‌ಫೋನ್ ತೆಗೆದು ಕೊಕ್ಕೆಗೆ ಹಾಕಿದಳು. ಮೇಡಂ ಅಂದಿದ್ದರೆ ಬೇರೆ ಮಾತು, ಅದಕ್ಕೆ ಅವಳು ಒಗ್ಗಿಹೋಗಿದ್ದಳು. ಈ ಹಾಡಿನಲ್ಲಿ ಅವಳ ಜೊತೆಗಾರನಾದ ಡೆಲ್ವಿನ್ ಅಂದನೆಂದರೆ?

ನಾರಾಳ ಈ ನೋವು ಇವತ್ತಿನದಲ್ಲ. ಕೆಲವು ವರ್ಷಗಳ ಹಿಂದೆ ಅವಳು ಟೀವಿಯ ರ‍್ಯಾಪ್ ಸ್ಪರ್ಧೆಯೊಂದಕ್ಕೆ ಹೋಗಿದ್ದಳು. ಅವಳ ಅವ್ವ ಬುಸಾನಿನ ಯೊಂಗ್ದೊ ದ್ವೀಪದ ಹಡಗು ದುರಸ್ತಿ ಅಂಗಳದಲ್ಲಿ, ಸುತ್ತಿಗೆಯಿಂದ ಹಡಗುಗಳ ತುಕ್ಕು ಬಡಿಯುವ ಹೆಂಗಸರಲ್ಲಿ ಒಬ್ಬಳು. ಹಗ್ಗದ ಹಲಗೆಯ ಮೇಲೆ ಕೂತು ಆಯುಷ್ಯವೆಲ್ಲ ಕಬ್ಬಿಣ ಬಡಿದು ಕಿವಿ ಕಳೆದುಕೊಂಡವಳು. ಆ ಕಿವಿಗಳ ಬಗ್ಗೆ ನಾರಾ ಹಾಡಿದಳು, ಮನೆಯಲ್ಲಿ ಆಡುವ ಮಾತಿನಲ್ಲೇ ಹಾಡಿದಳು. ಕಾರ್ಯಕ್ರಮ ಪ್ರಸಾರವಾದಾಗ ನೋಡಿದರೆ, ಅವಳ ಮಾತಿನ ಕೆಳಗೆ ಸಿಯೋಲ್ ಭಾಷೆಯಲ್ಲಿ ಸಬ್‌ಟೈಟಲ್. ಅದೂ ಮಕ್ಕಳ ಕಾರ್ಟೂನಿಗೆ ಹಾಕುವ ದುಂಡು ದುಂಡು ಅಕ್ಷರ, ಪಕ್ಕದಲ್ಲಿ ಕುಣಿಯುವ ಒಂದು ಮೀನು. ಅವ್ವ ಕಿವುಡಿಯಾದಳು ಎನ್ನುವ ಸಾಲು ಬಂದಾಗ ಇಡೀ ಸಭಾಂಗಣ ಘೊಳ್ಳೆಂದು ನಕ್ಕಿತು. ಅವ್ವ ಟೀವಿ ಮುಂದೆ ಕೂತಿದ್ದಳು. ಅವಳಿಗೆ ಸದ್ದು ಕೇಳಿಸಲಿಲ್ಲ, ಮೀನು ಕಂಡಿತು. "ಮೀನು ಯಾಕ ಹಾಕ್ಯಾರ?" ಎಂದು ಮಗಳನ್ನು ಕೇಳಿದಳು.

ಆಮೇಲೆ ಅವಳು ಸಿಯೋಲಿಗೆ ಬಂದು, ಕಾಫಿ ಅಂಗಡಿಯಲ್ಲಿ ದುಡಿದು, ನಾಲಿಗೆಗೆ ಇಸ್ತ್ರಿ ಹೊಡೆದುಕೊಂಡಳು. ಗಿರಾಕಿಯ ಮುಂದೆ, ಬ್ಯಾಂಕಿನಲ್ಲಿ, ಬಾಡಿಗೆ ಮನೆ ಕೇಳುವಾಗ ಅಚ್ಚ ಸಿಯೋಲ್ ಮಾತು. ಸಿಟ್ಟು ಬಂದಾಗ ಮತ್ತು ಹಾಡುವಾಗ ಮಾತ್ರ ಯೊಂಗ್ದೊ. ಊರಿಗೆ ಹೋದಾಗ ಹಡಗುಕಟ್ಟೆಯ ಮೇಲೆ ನಿಂತು ಹಾಡಿದ್ದನ್ನು ಫೋನಿನಲ್ಲಿ ಹಿಡಿದು ಹಾಕುತ್ತಿದ್ದಳು. ನೋಡುವವರು ಬೆರಳೆಣಿಕೆಯ ಜನ. ಆ ಜನರಲ್ಲಿ ಒಬ್ಬ, ದೇವರಿಗೇ ಗೊತ್ತು ಹೇಗೋ, ಅಮೆರಿಕದ ಡೆಲ್ವಿನ್ ಪೆಟ್ವೇ ಆಗಿದ್ದ.

ಡೆಲ್ವಿನ್ ಅಲಬಾಮಾದ ಮೊಬೀಲ್ ಎನ್ನುವ ಬಂದರಿನವನು. ಕಪ್ಪು ಜನರ ಓಣಿಯಲ್ಲಿ ಹುಟ್ಟಿ, ಚರ್ಚಿನ ಡ್ರಮ್ಮು ಬಾರಿಸಿ, ರ‍್ಯಾಪ್‌ನಲ್ಲಿ ಹೆಸರು ಮಾಡಿದವನು. ಸಿಯೋಲಿನ ಕಂಪನಿ ಅವನೊಂದಿಗೆ ಹಾಡು ಮಾಡಲು ತನ್ನ ಚೆಂದುಳ್ಳಿ ಗಾಯಕಿಯರ ಫೋಟೊಗಳನ್ನೆಲ್ಲ ಕಳಿಸಿದಾಗ ಅವನು ಅವನ್ನು ಪಕ್ಕಕ್ಕಿಟ್ಟು, ಹಡಗುಕಟ್ಟೆಯ ವೀಡಿಯೊ ತೋರಿಸಿ, "ಈ ಹುಡುಗಿ ಆದ್ರೆ ಬತ್ತೀನಿ, ಇಲ್ಲಾಂದ್ರೆ ಬುಡಿ" ಎಂದಿದ್ದ. ಹಾಗಾಗಿ ಚೇ ಮೇಡಂ ನಾರಾಳ ಕಾಫಿ ಅಂಗಡಿಯ ಮೆಟ್ಟಿಲು ಹತ್ತಬೇಕಾಯಿತು. ಹತ್ತಿದ ಕಾಲುನೋವು ಅವಳಿಗೆ ಇನ್ನೂ ಹೋಗಿರಲಿಲ್ಲ.

ಸಿಯೋಲಿಗೆ ಬಂದ ವಾರದಲ್ಲೇ ಡೆಲ್ವಿನ್ ಹಟ ಹಿಡಿದು ಯೊಂಗ್ದೊಗೆ ಹೋಗಿದ್ದ. ಕಂಪನಿಯ ದುಭಾಷಿಯನ್ನು ಸ್ಟೇಷನ್ನಿನಲ್ಲೇ ಬಿಟ್ಟು ನಾರಾ ಅವನನ್ನು ಮನೆಗೆ ಕರೆದುಕೊಂಡು ಹೋದಳು. ಬಾಗಿಲು ತುಂಬಿ ನಿಂತ ಆ ಆಳನ್ನು ಅವ್ವ ಕಾಲಿನಿಂದ ತಲೆಯವರೆಗೆ ನೋಡಿ, ಕಿವಿ ಮಂದವಾದವರು ಮಾತಾಡುವ ಹಾಗೆ ಓಣಿಗೇ ಕೇಳುವಂತೆ ಮಗಳನ್ನು ಕೇಳಿದಳು:

"ಗಾಗಾ ಗಾಗಾ?"

ಯೊಂಗ್ದೊದಲ್ಲಿ ಇದು ಪೂರ್ತಿ ಒಂದು ವಾಕ್ಯ. 'ನೀ ಹೇಳತಿದ್ದಿಯಲ್ಲ, ಅಂವನ ಏನು ಇಂವ?' ಎಂದು ಅರ್ಥ. ಸಿಯೋಲಿನವರು ಇದನ್ನು ಕೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಡೆಲ್ವಿನ್ ನಗಲಿಲ್ಲ. ಮುದುಕಿ ತನಗೆ ತಾಳ ಕೊಡುತ್ತಿದ್ದಾಳೆ ಎಂದುಕೊಂಡ. ತಾಳ ಕೊಟ್ಟವರಿಗೆ ತಾಳ ಮರಳಿಸದಿದ್ದರೆ ಮರ್ಯಾದೆಯಲ್ಲ ಎಂದು ಬಾಗಿಲಿನ ಚೌಕಟ್ಟು ಬಡಿದು, ಕೊನೆಗೆ ಒಂದು ಏಟು ಹೆಚ್ಚಿಗೇ ಸೇರಿಸಿ, ಅವಳ ಮಂದ ಕಿವಿಗೂ ಮುಟ್ಟುವಷ್ಟು ಜೋರಾಗಿ "ಗಾಗಾ ಗಾಗಾಗಾ!" ಎಂದ.

ಆ ಒಂದು ಏಟಿನಿಂದ ಮಾತಿನ ಅರ್ಥವೇ 'ಇಂವ ಗಾ ಮನೆತನದಾಂವ ಏನು?' ಎಂದು ಬದಲಾಗಿತ್ತು.

"ಏ ನಾರಾ, ತನ್ನ ಮನೆತನ ಯಾವುದಂತ ನನ್ನ ಕೇಳಾಕತ್ತಾನಲ್ಲ ಇಂವ! ಯಪ್ಪಾ, ನಿಮ್ಮ ಅಪ್ಪ ಯಾರಂತ ನಾ ಹೆಂಗ ಹೇಳಲಿ?" ಎಂದು ನೆಲಕ್ಕೆ ಕೂತು ನಕ್ಕಳು. ಆಮೇಲೆ ವಯಸ್ಸು ಕೇಳಿದಳು, ಮಗಳಿಗಿಂತ ದೊಡ್ಡವನೆಂದು ಖಾತ್ರಿಯಾದ ಮೇಲೆ, "ಹಂಗಾರ ಅಣ್ಣಾ ಅನ್ನು, ಹೆಸರಲೇ ಕರೀಬ್ಯಾಡ" ಎಂದು ಹುಕುಂ ಮಾಡಿ, ಹಂದಿಮಾಂಸದ ಬಿಸಿ ಸಾರಿಗೆ ಅನ್ನ ಹಾಕಿ ಮುಂದಿಟ್ಟಳು.

ಹಾಡು ಹುಟ್ಟಿದ್ದು ಅಲ್ಲೇ, ಸಾರಿನ ಬಟ್ಟಲಿನ ಪಕ್ಕದಲ್ಲಿ. 'ಗಾಗಾ ಗಾಗಾ?' ಅನ್ನುವುದೇ ಪಲ್ಲವಿ. ಅದಕ್ಕೆ ನಾರಾ ಕಟ್ಟಿದ ಸಾಲುಗಳನ್ನು ನಮ್ಮ ಬಾಯಲ್ಲಿ ಹೇಳಬೇಕೆಂದರೆ ಹೀಗೆ:

ಅಕೀನ ಏನ ಈಕಿ? ಹೌದು, ಅಕೀನ ಈಕಿ.
ನೀವು ನಕ್ಕು ಮುಗಿಸೀರಿ, ನಂದಿನ್ನೂ ಐತಿ ಬಾಕಿ.
ನಾಲಿಗಿ ಕತ್ತರಸಾಕ ಬಂದ್ರ ಕತ್ತರೀನ ಮುರಿಯಾಕಿ.

ಈ ಸಾಲುಗಳನ್ನು ಕೇಳಿ ಅಂದು ಕುಣಿದಾಡಿದವನು ಈಗ ಒರಟು ಅಂದನೇ? ನಾರಾ ರೆಕಾರ್ಡಿಂಗ್ ಕೋಣೆಯಿಂದ ಸೀದಾ ಕೆಳಗಿಳಿದು, ಎದುರಿನ ತೊಕ್‌ಬೊಕ್ಕಿ ಅಂಗಡಿಗೆ ನುಗ್ಗಿದಳು. ಡೆಲ್ವಿನ್ ಅಲ್ಲಿ ಒಬ್ಬನೇ ಕೂತು, ಖಾರದ ಅಕ್ಕಿ ಕಡುಬುಗಳೊಂದಿಗೆ ಬೆವರು ಸುರಿಸಿಕೊಂಡು ಹೋರಾಡುತ್ತಿದ್ದ. ಹಾಡು, ತಮಾಷೆಗಳಿಗೆ ಸಾಲುವಷ್ಟು ಇಂಗ್ಲಿಷ್ ನಾರಾಳಿಗೆ ಬರುತ್ತಿತ್ತು. ಜಗಳಕ್ಕೆ ಸಾಲುವಷ್ಟು ಬರುತ್ತಿರಲಿಲ್ಲ. ಅವಳು ಫೋನಿನಲ್ಲಿ ಅನುವಾದದ ಗುಂಡಿ ಒತ್ತಿ, ಮೇಜಿನ ಮೇಲೆ ಕುಕ್ಕಿ, ಶುರು ಮಾಡಿದಳು.

"ಏನ ಅಣ್ಣಾ, ನನ್ನ ಮಾತು ನಿನ್ನ ಕಿವಿಗೆ ಚುಚ್ಚತೈತೇನು? ನನ್ನ ಮುಂದ ಹೇಳಾಕ ಬಾಯಿ ಇರಲಿಲ್ಲೇನು? ಆಕಿ ಮುಂದ ಯಾಕ ಉಸುರಿದಿ?"

ಫೋನು ಸ್ವಲ್ಪ ಯೋಚಿಸಿ ಗಂಭೀರವಾಗಿ ನುಡಿಯಿತು: "ಅಣ್ಣನ ಕಿವಿಗೆ ಮುಳ್ಳು ಚುಚ್ಚಿದೆ. ಬಾಯಿ ಇಲ್ಲ. ಅವಳ ಎದುರು ಉಸಿರಾಡಬೇಡಿ."

ಡೆಲ್ವಿನ್ ಗಾಬರಿಯಿಂದ ಕಿವಿ ಮುಟ್ಟಿ ನೋಡಿಕೊಂಡ. "ನನ್ ಕಿವೀಗೇನಾಗದೆ ಬುಡಮ್ಮಿ? ನೀನ್ಯಾಕಿಂಗ್ ಉರ್ಕೊಂಡ್ ಬಂದಿದ್ದೀಯ?"

"ನನ್ನ ಕಿವಿಯನ್ನು ಬಿಡು. ನೀನು ಏನನ್ನು ಹುರಿದುಕೊಂಡು ತಂದಿದ್ದೀಯ?" ಎಂದಿತು ಫೋನು.

ಅಂಗಡಿಯ ಹೆಂಗಸು ಇಲ್ಲಿ ಹುರಿದದ್ದು ಯಾವುದೂ ಸಿಗುವುದಿಲ್ಲ ಎಂದು ಒಳಗಿನಿಂದಲೇ ಕೂಗಿದಳು. ನಾರಾಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದರು. ಈ ಸಲ ಫೋನು ಹಡಗು, ಹಂದಿ, ಅತ್ತೆ ಎಂದು ಏನೇನೋ ಬಡಬಡಿಸಿತು. ಜಗತ್ತಿನ ಮಾತನ್ನೆಲ್ಲ ಬಲ್ಲೆ ಎನ್ನುವ ಆ ಯಂತ್ರಕ್ಕೆ ಯೊಂಗ್ದೊವೂ ಗೊತ್ತಿರಲಿಲ್ಲ, ಮೊಬೀಲೂ ಗೊತ್ತಿರಲಿಲ್ಲ.

ಕೊನೆಗೆ ನಾರಾ ಉಸಿರೆಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ, ಟೀವಿಯಲ್ಲಿ ವಾರ್ತೆ ಓದುವವಳ ಹಾಗೆ ಹೇಳಿದಳು: "ನನ್ನ ಭಾಷೆಯನ್ನು ಬದಲಾಯಿಸುವಂತೆ ನೀವು ಕೇಳಿದಿರಾ?"

ಫೋನು ತಕ್ಷಣ, ಒಂದಕ್ಷರ ತಪ್ಪಿಲ್ಲದೆ ಇಂಗ್ಲಿಷಿಗೆ ತಿರುಗಿಸಿತು.

ಡೆಲ್ವಿನ್ ಚಮಚ ಕೆಳಗಿಟ್ಟ. ಅವನೂ ಬೆನ್ನು ನೆಟ್ಟಗೆ ಮಾಡಿದ. ಮುಖದ ಮೇಲೆ ಎಲ್ಲಿಂದಲೋ ಒಂದು ಸೌಮ್ಯ ನಗು ಬಂದು ಕೂತಿತು, ದನಿ ತೆಳ್ಳಗಾಯಿತು. "ಇಲ್ಲ. ನಾನು ಹಾಗೆ ಕೇಳಲಿಲ್ಲ. ನನ್ನ ಮಾತು ನಿಮಗೆ ಅರ್ಥವಾಗುವುದಿಲ್ಲ ಎಂದು ನೀವು ದೂರು ಕೊಟ್ಟಿದ್ದೀರಂತೆ. ಆದ್ದರಿಂದ ನನ್ನ ಭಾಗವನ್ನೂ ಶುದ್ಧ ಇಂಗ್ಲಿಷಿನಲ್ಲಿ ಮತ್ತೆ ಹಾಡಲು ಚೇ ಮೇಡಂ ಹೇಳಿದ್ದಾರೆ."

ನಾರಾ ಅವನ ಮಾತಿಗಿಂತ ಅವನ ಮುಖವನ್ನು ನೋಡುತ್ತಿದ್ದಳು. ಆ ನಗು ಅವಳಿಗೆ ಗೊತ್ತಿತ್ತು. ಬ್ಯಾಂಕಿನ ಕೌಂಟರಿನ ಮುಂದೆ, ಮನೆ ಮಾಲೀಕನ ಮುಂದೆ ಅವಳು ದಿನಾ ಹಾಕಿಕೊಳ್ಳುವ ನಗುವೇ ಅದು. ಅಷ್ಟು ದೊಡ್ಡ ಆಳು ಒಂದು ಫೋನಿಗೆ ಅರ್ಥವಾಗಲಿ ಎಂದು ಅಷ್ಟು ಸಣ್ಣವನಾದದ್ದನ್ನು ಅವಳಿಂದ ನೋಡಲಾಗಲಿಲ್ಲ. ಫೋನು ಆರಿಸಿಬಿಟ್ಟಳು.

"ಕಳ್ಳಿ," ಎಂದಳು. ಅದಕ್ಕೆ ಅನುವಾದ ಬೇಕಾಗಲಿಲ್ಲ.

ಇಬ್ಬರೂ ಹೋಗಿ ನಿಂತಾಗ ಚೇ ಮೇಡಂ ತಪ್ಪನ್ನು ಮೊದಲು ದುಭಾಷಿಯ ಮೇಲೆ ಹಾಕಿದಳು, ಆಮೇಲೆ ಕಾಲದ ಮೇಲೆ ಹಾಕಿದಳು, ಕೊನೆಗೆ "ನಿಮ್ಮ ಒಳ್ಳೇದಕ್ಕೇ ಅಲ್ವಾ?" ಎಂದು ನಿಟ್ಟುಸಿರು ಬಿಟ್ಟಳು. ಡೆಲ್ವಿನ್ ಹೆಚ್ಚು ಮಾತಾಡಲಿಲ್ಲ. "ಅವ್ಳ್ ಮಾತು ಅವ್ಳುದು, ನನ್ ಮಾತು ನಂದು. ಇಲ್ದಿದ್ರೆ ಹಾಡಿಲ್ಲ" ಎಂದು ಬಂದುಬಿಟ್ಟ. ಗೆದ್ದೆವೆಂದು ಇಬ್ಬರೂ ಆ ಸಂಜೆ ಕರಿದ ಕೋಳಿ ತಿಂದರು.

ಗೆದ್ದಿರಲಿಲ್ಲ. ಎರಡು ದಿನ ಬಿಟ್ಟು ಚೇ ಮೇಡಂ ನಾರಾಳೊಬ್ಬಳನ್ನೇ ಕರೆಸಿದಳು. ಮುಖದಲ್ಲಿ ಹಬ್ಬ.

"ಕೆಲವರಿಗೆ ಕೇಳಿಸಿದ್ವಿ ನಾರಾ. ನಿಮ್ಮ ಬುಸಾನ್ ಮಾತು ಕೇಳಿ ಬಿದ್ದು ಬಿದ್ದು ನಕ್ಕರು. ಎಷ್ಟು ಮುದ್ದಾಗಿದೆ ಅಂದರು! ಹಾಗಾಗಿ ಅದನ್ನ ಇಟ್ಕೊಳ್ಳೋಣ. ಕೆಳಗಡೆ ಸಬ್‌ಟೈಟಲ್ ಹಾಕೋಣ, ದುಂಡು ಅಕ್ಷರದಲ್ಲಿ. ಮತ್ತೆ ನೋಡಿ," ಎಂದು ಚೀಲದಿಂದ ಮಾರುಕಟ್ಟೆಯ ಮುದುಕಿಯರು ತೊಡುವ ಹೂ ಹೂವಿನ ಸಡಿಲ ಪೈಜಾಮ ತೆಗೆದಳು, "ಇದನ್ನ ಹಾಕ್ಕೊಂಡು ಹಾಡಿ. ಜನ ಹುಚ್ಚಾಗ್ತಾರೆ."

"ಸಬ್‌ಟೈಟಲ್ ಬ್ಯಾಡ್ರಿ ಮೇಡಂ. ಮಂದಿಗೆ ತಿಳೀತೈತಿ."

"ಅದು ಆಗಲ್ಲ. ಬೇಡ ಅಂದ್ರೆ ಹೇಳಿ, ನಿಮ್ಮ ಭಾಗ ಹಾಡೋಕೆ ನಮ್ಮ ಹುಡುಗಿ ಒಬ್ಬಳು ತಯಾರಿದ್ದಾಳೆ. ಬರೆದವರು ಅಂತ ನಿಮ್ಮ ಹೆಸರು ಹಾಕ್ತೀವಿ, ಬಿಡಲ್ಲ."

ಉಗುಳಲಾರದ, ನುಂಗಲಾರದ ಬಿಸಿ ತುಪ್ಪ. ಬೇಡವೆಂದರೆ ಅವ್ವನ ಬಾಯಿಂದ ಬಂದ ಪಲ್ಲವಿ ಇನ್ಯಾರದೋ ಬಾಯಿ ಸೇರುತ್ತದೆ. ಹೂಂ ಎಂದರೆ ಮೀನು ಮತ್ತೆ ಕುಣಿಯುತ್ತದೆ. ನಾರಾ ಪೈಜಾಮವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದಳು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಚೇ ಮೇಡಂ ಅದನ್ನು ಹೂಂ ಎಂದೇ ತಿಳಿದಳು.

ಮೆಟ್ಟಿಲ ಮೇಲೆ ಕಾಯುತ್ತಿದ್ದ ಡೆಲ್ವಿನ್‌ಗೆ ನಾರಾ ಕೈಸನ್ನೆ, ಅರೆಬರೆ ಇಂಗ್ಲಿಷ್ ಎಲ್ಲ ಸೇರಿಸಿ ವಿಷಯ ತಿಳಿಸಿದಳು. ಸಬ್‌ಟೈಟಲ್ ಎನ್ನುವ ಮಾತು ಬಂದದ್ದೇ ಅವನ ಮುಖ ಗಂಟಾಯಿತು. ಅವಳಿಗೆ ತಿಳಿಯಲೆಂದು ನಿಧಾನವಾಗಿ, ಆದರೆ ತನ್ನ ಮಾತಿನಲ್ಲೇ, ಹೇಳಿದ:

"ನಮ್ಮೂರ್ಗೆ ಚಂಡಮಾರುತ ಬಂದಿತ್ತು ಕಣಮ್ಮಿ, ನಾನು ಚಿಕ್ಕೋನು. ಮನೆ ಒಂಟೋಗಿತ್ತು. ಟೀವಿಯೋರು ಬಂದು ನಮ್ಮಜ್ಜೀನ ಮಾತಾಡ್ಸುದ್ರು. ಅಜ್ಜಿ ಆಡಿದ್ದು ಇಂಗ್ಲೀಸು. ಕೆಳಗ್ ಬರ್ದಿದ್ದೂ ಇಂಗ್ಲೀಸೇಯ. ಇಂಗ್ಲೀಸ್ಗೇ ಇಂಗ್ಲೀಸ್ ಬರುದ್ರು! ಅಜ್ಜಿ ಸಾಯಗಂಟ ಅದ್ನೇ ಅಂತಿತ್ತು. ಮನೆ ಓದ್ದುನ್ನ ಮರ್ತೋಯ್ತು, ಅದ್ನ ಮರೀನಿಲ್ಲ."

ನಾರಾಳಿಗೆ ಎಲ್ಲವೂ ತಿಳಿಯಿತು. ತಿಳಿದದ್ದರಿಂದ ಸಂಕಟ ಆಗಬೇಕಿತ್ತು, ಆದರೆ ಅವಳಿಗೆ ಬಂದದ್ದು ರೋಷ. ಅಲಬಾಮಾದ ಆ ಅಜ್ಜಿಯ ಪರವಾಗಿಯೂ ಸೇರಿಸಿ ಬಂದ ರೋಷ. ರೋಷದ ಬೆನ್ನಿಗೇ ಒಂದು ತರಲೆ ಹೊಳೆಯಿತು. ಯೊಂಗ್ದೊದವರಿಗೆ ರೋಷವೂ ತರಲೆಯೂ ಒಂದೇ ಒಲೆಯ ಮೇಲೆ ಬೇಯುತ್ತವೆ. ಅವಳು ಅವನ ಕಿವಿಯಲ್ಲಿ ಹೇಳಿದಳು. ಅವನು ನಕ್ಕ ನಗುವಿಗೆ ಮೆಟ್ಟಿಲ ದೀಪ ತಾನಾಗಿ ಹೊತ್ತಿಕೊಂಡಿತು.

ಹಾಡಿನ ಬಿಡುಗಡೆ ಸಿಯೋಲಿನ ಒಂದು ಸಭಾಂಗಣದಲ್ಲಿ, ಮಧ್ಯಾಹ್ನ. ಪತ್ರಕರ್ತರು ಸಾಲಾಗಿ ಕೂತಿದ್ದರು, ಕ್ಯಾಮೆರಾಗಳು ಅದನ್ನು ಹಾಗೆಹಾಗೇ ದೇಶವಿದೇಶಕ್ಕೆ ಕಳಿಸುತ್ತಿದ್ದವು. ವೇದಿಕೆಯ ಹಿಂದೆ ಗೋಡೆಯಷ್ಟು ದೊಡ್ಡ ಪರದೆ. ಅದರ ಮೇಲೆ ಹಾಡಿನ ಹೆಸರು ಆಗಲೇ ದುಂಡು ಅಕ್ಷರದಲ್ಲಿ ಕುಣಿಯುತ್ತಿತ್ತು. ಮೊದಲು ಮೇಡಂ ಮಾತು, ಆಮೇಲೆ ಪ್ರಶ್ನೆ, ಕೊನೆಗೆ ಹಾಡು ಎಂದು ಏರ್ಪಾಡು. ಹೂವಿನ ಪೈಜಾಮ ಬಟ್ಟೆ ಬದಲಿಸುವ ಕೋಣೆಯ ಕುರ್ಚಿಯ ಮೇಲೆ ಹಾಗೇ ಇತ್ತು. ನಾರಾ ಕಪ್ಪು ಅಂಗಿಯಲ್ಲಿ ಬಂದದ್ದು ನೋಡಿ ಮೇಡಂ ಹುಬ್ಬು ಗಂಟಿಕ್ಕಿದಳು. ಅಷ್ಟರಲ್ಲಿ ಕ್ಯಾಮೆರಾದ ಕೆಂಪು ದೀಪ ಹೊತ್ತಿತ್ತು, ಹುಬ್ಬನ್ನು ಮತ್ತೆ ಬಿಡಿಸಬೇಕಾಯಿತು.

"ಎಲ್ಲರಿಗೂ ನಮಸ್ಕಾರ," ಎಂದಳು ಚೇ ಮೇಡಂ, ಮುತ್ತು ಪೋಣಿಸಿದಂಥ ಸಿಯೋಲ್ ಮಾತಿನಲ್ಲಿ. "ಈ ಹಾಡು ಎರಡು ಸಂಸ್ಕೃತಿಗಳ ಸುಂದರ ಸಂಗಮ."

ಅವಳು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನಾರಾ ಮೈಕು ಬಾಯಿಗೆ ಹಿಡಿದಳು.

"ಎಲ್ಲಾರಿಗೂ ಶರಣು ಅಂತರಿ. ಎರಡು ಊರಿನ ಮಂದೀನ ಹಿಡಕೊಂಡು ಬಂದು ಒಂದ ಬೋಗುಣ್ಯಾಗ ಹಾಕೇವಿ ಅಂತ ಹೇಳಾಕತ್ತಾರ."

ಸಭೆಯಲ್ಲಿ ಒಬ್ಬಿಬ್ಬರು ಕಿಸಕ್ಕೆಂದರು. ಮೇಡಂ ನಾರಾಳತ್ತ ತಿರುಗಿ ನಗುಮುಖದಲ್ಲೇ ಕಣ್ಣು ಬಿಟ್ಟು, ಮುಂದುವರಿಸಿದಳು. "ಎಲ್ಲರಿಗೂ ತಲುಪುವ ಹಾಗೆ ಈ ಹಾಡನ್ನು ನಾವೆಲ್ಲ ಕೂಡಿ ತಿದ್ದಿ ತೀಡಿದ್ದೇವೆ."

"ಕತ್ತರಿ ತಗೊಂಡು ಬಂದಿದ್ರು ಅಂತ. ನಾವ ನಾಲಿಗಿ ಚಾಚಲಿಲ್ಲ."

ಈಗ ನಗು ಹಿಂದಿನ ಸಾಲಿನವರೆಗೆ ಹೋಯಿತು. ಚೇ ಮೇಡಂ ವಿದೇಶದವರು ನೋಡುತ್ತಿದ್ದಾರೆಂದು ಇಂಗ್ಲಿಷಿಗೆ ಹಾರಿದಳು. ಕಲಾವಿದರಿಬ್ಬರ ನಡುವೆ ತಾವು ಸೇತುವೆಯಾಗಿ ನಿಂತೆವು ಎಂದೇನೋ ಹೇಳಿದಳು. ಆ ದಾರಿಯಲ್ಲಿ ಡೆಲ್ವಿನ್ ಮೈಕು ಹಿಡಿದು ಕಾಯುತ್ತಿದ್ದ.

"ಮೊಬೀಲ್ನೋರ್ಗೆ ಯೋಳ್ತೀನಿ ಕೇಳ್ರಪ್ಪೋ! ಅವ್ಳ್ ತಾವ ನನ್ ಮ್ಯಾಲ್ ಚಾಡಿ, ನನ್ ತಾವ ಅವ್ಳ್ ಮ್ಯಾಲ್ ಚಾಡಿ. ಅದೇ ಸೇತ್ವೆ. ಸಿಗಾಕೊಂಡ್ರು."

ಇಂಗ್ಲಿಷ್ ಬಲ್ಲವರು ನಕ್ಕರು, ಬಾರದವರು ನಕ್ಕವರನ್ನು ನೋಡಿ ನಕ್ಕರು. ಮೇಡಂ ಮೈಕನ್ನು ಅಂಗೈಯಲ್ಲಿ ಮುಚ್ಚಿ ಹಲ್ಲು ಕಚ್ಚಿದಳು. "ಏನ್ರೀ ಇದು, ನಾರಾ?"

ನಾರಾ ತನ್ನ ಮೈಕು ಮುಚ್ಚಲಿಲ್ಲ. "ಸಬ್‌ಟೈಟಲ್ ರೀ ಮೇಡಂ. ನಮ್ಮೂರ ಮಂದಿ ಭಾಳ ನೋಡಾಕತ್ತಾರ, ನೀವು ಆಡೂದು ಅವರಿಗೂ ತಿಳೀಬೇಕಲ್ಲ? ನನ್ನ ಮಾತಿಗೆ ಬೇಕಂದ್ರ ನಿಮ್ಮ ಮಾತಿಗೂ ಬೇಕಾಗತೈತಿ."

ಇನ್ನು ನಗು ಇರಲಿಲ್ಲ. ಜನ ಪರದೆಯ ಕಡೆ ನೋಡಿದರು, ಆಮೇಲೆ ನಾರಾಳ ಕಡೆ ನೋಡಿದರು. ಇದೇ ಗಳಿಗೆಯಲ್ಲಿ ತನ್ನ ಹಾಡು ಹೋಗಬಹುದು ಎಂದು ಅವಳಿಗೆ ಗೊತ್ತಿತ್ತು. ಕಂಪನಿಯ ಆ ಇನ್ನೊಬ್ಬ ಹುಡುಗಿ ಮೊದಲ ಸಾಲಿನಲ್ಲೇ ಕೂತಿದ್ದಳು, ಸಾಲುಗಳನ್ನು ಬಾಯಿಪಾಠ ಮಾಡಿಕೊಂಡು. ಆದರೂ ನಾರಾ ಮೈಕು ಇಳಿಸಲಿಲ್ಲ.

ಪತ್ರಕರ್ತರ ನಡುವಿನಿಂದ ಬೂದು ಕೋಟಿನ ಹೆಂಗಸೊಬ್ಬಳು ಎದ್ದಳು. ಕೂದಲು ಹಣ್ಣಾಗಿತ್ತು, ಪತ್ರಿಕೆಯ ಕೆಲಸದಲ್ಲಿ ಹಳಬಳು. "ಚೇ ಅವರೇ, ತಮ್ಮಲ್ಲಿ ಒಂದು ಪ್ರಶ್ನೆ," ಎಂದು ಅಚ್ಚುಕಟ್ಟಾದ ಸಿಯೋಲ್ ಭಾಷೆಯಲ್ಲಿ ಶುರು ಮಾಡಿದವಳು ಅಲ್ಲೇ ತಡೆದಳು. ಗಂಟಲು ಸರಿ ಮಾಡಿಕೊಂಡಳು. ಆಮೇಲೆ ಅವಳ ಬಾಯಿಂದ ಬಂದದ್ದು ದೂರದ ಗ್ವಾಂಗ್ಜು ಸೀಮೆಯ ಮಾತು. ಬಹುಶಃ ತಾಯಿ ತೀರಿಕೊಂಡ ಮೇಲೆ ಅವಳು ಯಾರ ಹತ್ತಿರವೂ ಆಡಿರದ ಮಾತು.

"ಅಲ್ಲ ಮಾರಾಯ್ರೆ, ನಂಗೊಂದು ಗೊತ್ತಾಗುದಿಲ್ಲ. ಈ ಹುಡುಗಿ ಹೇಳಿದ್ದು ಇಲ್ಲಿ ಎಲ್ಲರಿಗೂ ಅರ್ಥ ಆಗ್ತಾ ಉಂಟು. ಮತ್ತೆ ಆ ಸಬ್‌ಟೈಟಲ್ ಉಂಟಲ್ಲ, ಅದು ಯಾರಿಗೆ ಬೇಕಾಗಿ?"

ಸಭೆಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಇನ್ನೊಬ್ಬರು "ಕೇಳಿ ಮತ್ತೆ!" ಎಂದರು, ಅದು ಇನ್ಯಾವುದೋ ಊರಿನ ರಾಗದಲ್ಲಿತ್ತು. ಚೇ ಮೇಡಂ ಗಲಿಬಿಲಿಗೊಂಡು, ಮೈಕು ತೆರೆದೇ ಇದೆ ಎನ್ನುವುದನ್ನೂ ಮರೆತು, ನಾರಾಳತ್ತ ಬಾಗಿ ಕೇಳಿದಳು:

"ಏನಂದ್ರು ಅವರು?"

ನಾರಾ ಬೆನ್ನು ನೆಟ್ಟಗೆ ಮಾಡಿದಳು. ಆ ದಿನ ಮೊದಲ ಸಲ, ಒಂದಕ್ಷರ ಜಾರದ, ಇಸ್ತ್ರಿ ಮಡಿಕೆ ಮುರಿಯದ ಸಿಯೋಲ್ ಮಾತಿನಲ್ಲಿ, ಬ್ಯಾಂಕಿನ ಆ ಸೌಮ್ಯ ನಗುವಿಲ್ಲದೆ ಹೇಳಿದಳು:

"ಅರ್ಥ ಆಗಲಿಲ್ವಾ ಮೇಡಂ? ಪರವಾಗಿಲ್ಲ ಬಿಡಿ. ನಿಮಗೊಬ್ಬರಿಗೆ ಬೇಕಾದ್ರೆ ಕೆಳಗಡೆ ಬರೆಸೋಣ."

ಸಭಾಂಗಣದ ಸೂರು ಹಾರುವುದೊಂದು ಬಾಕಿ. ಚೇ ಮೇಡಂ ಕ್ಯಾಮೆರಾಗಳನ್ನು ನೋಡಿದಳು, ಎದ್ದು ನಿಂತಿದ್ದ ಆ ಹಣ್ಣು ಕೂದಲಿನವಳನ್ನು ನೋಡಿದಳು. ಆಮೇಲೆ ಪರದೆ ನಡೆಸುವವನಿಗೆ ಕೈಯಾಡಿಸಿದಳು. ದುಂಡು ಅಕ್ಷರಗಳು ಆರಿದವು, ಡೆಲ್ವಿನ್ ತಾಳ ಹಾಕಿದ, ನಾರಾ ಬಾಯಿ ತೆರೆದಳು.